ಮಗು ಎಲ್ಲಿರಬೇಕು, ಖರ್ಚು ಎಲ್ಲಿಂದ ಬರಬೇಕು: ಪೋಷಕತ್ವದ ಆದೇಶ ಹುಟ್ಟುವ ಬಗೆ

ಬೇರೆಯವರ ಮಗುವನ್ನು ಒಂದಷ್ಟು ಕಾಲ ಮನೆಯಲ್ಲಿಟ್ಟುಕೊಂಡು ಸಾಕಬೇಕಾದರೆ ಗಂಡ ಹೆಂಡತಿ ಇಬ್ಬರೂ ಇರಲೇಬೇಕು ಎಂಬ ಕಟ್ಟು 2024ರಲ್ಲಿ ಸಡಿಲವಾಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ತಿದ್ದಿದ ಮಾದರಿ ಮಾರ್ಗಸೂಚಿಯಂತೆ ಈಗ ಮದುವೆಯಾಗದವರು, ಸಂಗಾತಿ ತೀರಿಕೊಂಡವರು, ವಿಚ್ಛೇದನ ಪಡೆದವರು ಕೂಡ ಪೋಷಕತ್ವಕ್ಕೆ ಅರ್ಜಿ ಹಾಕಬಹುದು. ಮಕ್ಕಳು ಬೆಂಗಳೂರು ಸೇರಿ ಮನೆ ಖಾಲಿಯಾದವರು ಮಲೆನಾಡಿನಲ್ಲಿ ಕಡಿಮೆಯಿಲ್ಲ. ಹಾಗಾಗಿ ಈ ವಿಷಯ ಈಗ ಮನೆಮಾತಾಗುತ್ತಿದೆ.

ಜನ ಕೇಳುವ ಪ್ರಶ್ನೆಗಳು ಹೀಗಿರುತ್ತವೆ. "ನಮ್ಮ ತೋಟದ ಕೂಲಿಮನೆ ಲೈನಿನಲ್ಲಿ ತಾಯಿ ಸತ್ತ ಹುಡುಗ ಇದ್ದಾನೆ, ನಾವೇ ಇಟ್ಕೊಳ್ತೀವಿ, ಒಂದು ಪತ್ರ ಮಾಡಿಕೊಡಿ ಸಾರ್." "ತಂಗಿ ಮಗಳನ್ನು ನಾನೇ ಸಾಕ್ತಾ ಇದೀನಿ, ಸರಕಾರ ತಿಂಗಳಿಗೆ ಕೊಡೋ ನಾಲ್ಕು ಸಾವಿರ ನನಗೂ ಬರುತ್ತಾ ಮೇಡಂ?" ಮೊಬೈಲಿನಲ್ಲಿ ಅಮೆರಿಕದ ಮಾಹಿತಿ ಓದಿ ಬಂದವರದು ಇನ್ನೊಂದು: "ಮಗುವಿಗೆ ಯಾವ ಲೆವೆಲ್ ಹಾಕ್ತಾರೆ?" ಕೇಳುವವರಿಗೆ ಇವೆಲ್ಲ ಒಂದೇ ವಿಷಯ. ಆದರೆ ಉತ್ತರ ಕೊಡುವ ಮೇಜುಗಳು ಬೇರೆ ಬೇರೆ. ಗೊಂದಲ ಹುಟ್ಟುವುದು ಇಲ್ಲಿಂದಲೇ.

ಮೊದಲು ಪದಗಳು

ಇಲಾಖೆಯವರು ಫಾಸ್ಟರ್ ಕೇರ್ ಎನ್ನುವುದಕ್ಕೆ ಕನ್ನಡದಲ್ಲಿ ಪೋಷಕತ್ವ ಎಂಬ ಮಾತು ಬಳಕೆಯಲ್ಲಿದೆ. ಮಗುವನ್ನು ಅದರ ಹೆತ್ತವರಲ್ಲದ, ಸಾಮಾನ್ಯವಾಗಿ ನೆಂಟರೂ ಅಲ್ಲದ ಒಂದು ಕುಟುಂಬ ಸರಕಾರದ ಆದೇಶದ ಮೇಲೆ ಸಾಕುವುದೇ ಪೋಷಕತ್ವ. ಮಗುವಿನ ಅಪ್ಪ ಅಮ್ಮ ಯಾರೋ ಅವರೇ ಅಪ್ಪ ಅಮ್ಮನಾಗಿ ಉಳಿಯುತ್ತಾರೆ. ಇನಿಶಿಯಲ್ ಬದಲಾಗುವುದಿಲ್ಲ, ಆಸ್ತಿಯಲ್ಲಿ ಪಾಲು ಹುಟ್ಟುವುದಿಲ್ಲ. ಇವೆಲ್ಲ ಬದಲಾಗುವುದು ದತ್ತುವಿನಲ್ಲಿ. ದತ್ತು ಶಾಶ್ವತ, ಪೋಷಕತ್ವಕ್ಕೆ ಅವಧಿ ಉಂಟು.

ಪ್ರಾಯೋಜಕತ್ವ ಅಂದರೆ ಸ್ಪಾನ್ಸರ್‌ಶಿಪ್. ಇಲ್ಲಿ ಮಗು ಎಲ್ಲಿಗೂ ಹೋಗುವುದಿಲ್ಲ, ತಾಯಿಯ ಹತ್ತಿರವೋ ಅಜ್ಜಿಯ ಹತ್ತಿರವೋ ಇರುತ್ತದೆ. ಓದಿಗೆ, ಊಟಕ್ಕೆ, ಔಷಧಕ್ಕೆ ಹಣ ಬರುತ್ತದೆ.

ಮಕ್ಕಳ ಕಲ್ಯಾಣ ಸಮಿತಿ ಜಿಲ್ಲೆಗೊಂದು ಇರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಹೆಸರು ಸಮಿತಿಯಾದರೂ ಇದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎನ್ನುವುದು ಓಡಾಡಿ ಕೆಲಸ ಮಾಡುವ ಕಚೇರಿ. ಮನೆ ನೋಡಿ ಬರುವುದು, ವರದಿ ಬರೆಯುವುದು, ಹಣದ ಕಡತ ನಡೆಸುವುದು ಅದರ ಪಾಲಿಗೆ.

ಇದೆಲ್ಲದರ ಹಿಂದಿರುವ ಕಾನೂನು 2015ರ ಬಾಲನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ, 2021ರಲ್ಲಿ ತಿದ್ದುಪಡಿಯಾಗಿದೆ. ಪೋಷಕತ್ವ ಅದರ 44ನೆಯ ಕಲಮಿನಲ್ಲಿದೆ, ಪ್ರಾಯೋಜಕತ್ವ 45ರಲ್ಲಿ.

ಪಹಣಿ ಬೇರೆ, ಸೊಸೈಟಿ ಸಾಲ ಬೇರೆ

ಜಮೀನಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಹೆಸರು ಕೂರಿಸುವುದು ಕಂದಾಯ ಇಲಾಖೆ. ಬೆಳೆಸಾಲ ಕೊಡುವುದು ಸಹಕಾರ ಸಂಘ. ಪಹಣಿ ಇಲ್ಲದೆ ಸಾಲವಿಲ್ಲ, ಹಾಗಂತ ಪಹಣಿ ಕೈಗೆ ಬಂದ ದಿನವೇ ಸಾಲ ಖಾತೆಗೆ ಬೀಳುವುದಿಲ್ಲ. ಸಂಘದವರು ತಮ್ಮ ಸಭೆ ಮಾಡಿ, ತಮ್ಮ ಕಡತ ನೋಡಿ, ಆಮೇಲೆ ಮಂಜೂರು ಮಾಡುತ್ತಾರೆ.

ಮಗುವಿನ ವಿಷಯದಲ್ಲೂ ಹೀಗೇ ಎರಡು ಬಾಗಿಲು. ಮಗು ಎಲ್ಲಿ, ಯಾರ ಹತ್ತಿರ, ಎಷ್ಟು ಕಾಲ ಇರಬೇಕು ಎಂಬುದು ಮಕ್ಕಳ ಕಲ್ಯಾಣ ಸಮಿತಿಯ ಆದೇಶ. ಅದಕ್ಕೆ ತಿಂಗಳ ಹಣ ಮಂಜೂರು ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿ. ಸಮಿತಿ ಎಂಬ ಪದ ಎರಡಕ್ಕೂ ಇರುವುದರಿಂದ ಜನ ಒಂದನ್ನೇ ಇನ್ನೊಂದು ಎಂದುಕೊಳ್ಳುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ "ಹಣ ಯಾವಾಗ ಬರುತ್ತೆ" ಎಂದು ಕೇಳಿದರೂ, ಜಿಲ್ಲಾಧಿಕಾರಿ ಕಚೇರಿಗೆ ಹೋಗಿ "ಮಗುವನ್ನು ನಮಗೆ ಕೊಡಿಸಿ" ಎಂದು ಕೇಳಿದರೂ ಅಲೆದಾಟ ತಪ್ಪುವುದಿಲ್ಲ.

ಮಗು ಸಮಿತಿಯ ಮುಂದೆ ಬರುವುದು

ತೋಟದ ಮಾಲೀಕರಿಗಾಗಲಿ ಶಾಲೆಯ ಮೇಷ್ಟ್ರಿಗಾಗಲಿ ಒಂಟಿಯಾದ ಮಗು ಕಂಡರೆ 24 ಗಂಟೆಯೊಳಗೆ ತಿಳಿಸಬೇಕು. ಪೊಲೀಸರಿಗೆ, 1098 ಸಹಾಯವಾಣಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಮಕ್ಕಳ ರಕ್ಷಣಾ ಘಟಕಕ್ಕೆ, ಯಾರಿಗಾದರೂ ಸರಿ. ತಿಳಿಸದೆ ಸುಮ್ಮನಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. "ನಾವು ಒಳ್ಳೇದಕ್ಕೇ ಇಟ್ಕೊಂಡಿದ್ವಿ" ಎನ್ನುವುದು ಇಲ್ಲಿ ನಿಲ್ಲುವ ಮಾತಲ್ಲ. ಏಕೆಂದರೆ ಆ ಮಗುವನ್ನು ಕಾಣೆಯಾಗಿದೆ ಎಂದು ಬೇರೆ ಕಡೆ ಯಾರಾದರೂ ಹುಡುಕುತ್ತಿರಬಹುದು.

ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಲೂ 24 ಗಂಟೆಯ ಗಡುವಿದೆ. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ಕಳಸ, ಶೃಂಗೇರಿಯಿಂದ ಚಿಕ್ಕಮಗಳೂರಿಗೆ 90 ಕಿಲೋಮೀಟರಿನ ಆಸುಪಾಸು ಘಟ್ಟದ ದಾರಿ. ಆಷಾಢದ ಮಳೆಯಲ್ಲಿ ಮರ ಬಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಕಾನೂನು ಬರೆದವರು ಮಲೆನಾಡನ್ನು ನೆನೆದು ಬರೆದಿರಲಾರರು, ಆದರೂ ಈ ವಿನಾಯಿತಿ ಇಲ್ಲಿಗೇ ಹೇಳಿ ಮಾಡಿಸಿದ ಹಾಗಿದೆ. ಸಮಿತಿ ತಿಂಗಳಲ್ಲಿ ಕನಿಷ್ಠ 20 ದಿನ ಸೇರಬೇಕು. ಸೇರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿ ತಾತ್ಕಾಲಿಕ ಆಸರೆ ಪಡೆಯಬಹುದು. ಅಂತಿಮ ಆದೇಶಕ್ಕೆ ಮಾತ್ರ ಕನಿಷ್ಠ ಮೂವರು ಸದಸ್ಯರು ಬೇಕು.

ಹಾಜರುಪಡಿಸುವಾಗ ತುಂಬುವುದು ನಮೂನೆ 17. ಮಗು ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು, ಮೈಮೇಲೆ ಗಾಯವಿತ್ತೇ, ಜೊತೆಯಲ್ಲಿ ಏನಿತ್ತು, ಯಾವ ಭಾಷೆ ಮಾತಾಡುತ್ತದೆ ಎಂಬ ವಿವರ ಅಲ್ಲಿಗೆ ಹೋಗಬೇಕು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟಕ್ಕೆ ಬಂದವರ ಮಕ್ಕಳಾದರೆ ಭಾಷೆಯ ಆ ಒಂದು ಸಾಲು ತುಂಬಾ ಮುಖ್ಯ. ಮಗುವಿನ ಊರು ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಇದೆ ಎಂದು ವಿಚಾರಣೆಯಲ್ಲಿ ಗೊತ್ತಾದರೆ, ಮಗುವಿನ ಹಿತಕ್ಕೆ ಅದೇ ಸರಿ ಎನಿಸಿದರೆ ಇಲ್ಲಿನ ಸಮಿತಿ ಪ್ರಕರಣವನ್ನೂ ಮಗುವನ್ನೂ ಆ ಊರಿನ ಸಮಿತಿಗೆ ವರ್ಗಾಯಿಸಬೇಕಾಗುತ್ತದೆ. ಸ್ಥಳೀಯ ಪೋಷಕ ಕುಟುಂಬಕ್ಕೆ ಕೊಡುವ ಮಾತು ಆಗ ಇಲ್ಲಿ ಬರುವುದೇ ಇಲ್ಲ.

ಇನ್ನೊಂದು ಮಾತು. ಸಿಕ್ಕ ಮಗುವಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಸಹಾಯವಲ್ಲ, ಅಪರಾಧ. ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದನ್ನು ಬಹಿರಂಗ ಮಾಡಿದರೂ ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆ ಹೇಳುತ್ತದೆ.

ಆದೇಶದ ಬುನಾದಿ: ಸಾಮಾಜಿಕ ತನಿಖಾ ವರದಿ

ಸಮಿತಿಯವರು ಮಗುವನ್ನು ನೋಡುವುದು ಕೆಲವು ನಿಮಿಷ. ಆದರೆ ಆದೇಶ ಹಿಡಿದು ಮಗು ಬದುಕುವುದು ವರ್ಷಗಟ್ಟಲೆ. ಈ ಎರಡರ ನಡುವಿನ ಸೇತುವೆ ನಮೂನೆ 22, ಅಂದರೆ ಸಾಮಾಜಿಕ ತನಿಖಾ ವರದಿ. ಸಮಾಜ ಕಾರ್ಯಕರ್ತರೋ ಮಕ್ಕಳ ಕಲ್ಯಾಣಾಧಿಕಾರಿಯೋ ಮಗುವಿನ ಊರಿಗೆ ಹೋಗಿ, ಮನೆ ನೋಡಿ, ನೆರೆಯವರನ್ನೂ ಶಾಲೆಯವರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಮಾತಾಡಿಸಿ ಬರೆಯಬೇಕಾದ ವರದಿ ಇದು. ತನಿಖೆಗೆ 15 ದಿನ. ಅಂತಿಮ ಆದೇಶಕ್ಕೆ, ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳು.

ಒಳ್ಳೆಯ ವರದಿಗೂ ಕೆಟ್ಟ ವರದಿಗೂ ಇರುವ ವ್ಯತ್ಯಾಸ ಹೇಳಬೇಕೆಂದರೆ, "ತಂದೆ ಕುಡುಕ, ಮಗುವಿಗೆ ರಕ್ಷಣೆ ಇಲ್ಲ" ಎಂಬ ಒಂದು ಸಾಲಿನ ವರದಿ ಮಗುವನ್ನು ನೇರ ಬಾಲಮಂದಿರಕ್ಕೆ ಕಳಿಸುತ್ತದೆ. ಅದೇ ಮನೆಯ ಬಗ್ಗೆ "ತಂದೆ ಬಟವಾಡೆಯ ದಿನ ಮಾತ್ರ ಕುಡಿಯುತ್ತಾನೆ, ಹೊಡೆಯುವುದಿಲ್ಲ, ಪಕ್ಕದ ಲೈನಿನಲ್ಲಿ ಅಜ್ಜಿ ಇದ್ದಾಳೆ, ರಾತ್ರಿ ಮಗು ಅಲ್ಲೇ ಮಲಗುತ್ತದೆ, ಶಾಲೆ ಬಿಟ್ಟದ್ದು ಹೊಡೆತಕ್ಕಲ್ಲ, ಶಾಲೆಗೆ ನಾಲ್ಕು ಕಿಲೋಮೀಟರು ಆನೆ ಓಡಾಡುವ ದಾರಿ ಎಂದು" ಅಂತ ಬರೆದಿದ್ದರೆ ಆದೇಶವೇ ಬೇರೆ. ಅಜ್ಜಿಯ ಹತ್ತಿರ ಬಿಟ್ಟು ಪ್ರಾಯೋಜಕತ್ವ ಕೊಡಿಸಿ, ತಂದೆಯನ್ನು ಸಮಾಲೋಚನೆಗೆ ಕಳಿಸಿ, ದಾರಿಗೆ ವ್ಯವಸ್ಥೆ ಮಾಡಿದರೆ ಮಗು ಮನೆ ಬಿಡಬೇಕಾಗಿಯೇ ಇಲ್ಲ. ಮಗುವಿಗೆ ಎಷ್ಟು ಆಸರೆ ಬೇಕು ಎಂಬುದು ನಮ್ಮಲ್ಲಿ ನಿಜವಾಗಿ ತೀರ್ಮಾನವಾಗುವುದು ಈ ಹಾಳೆಗಳಲ್ಲೇ. ಹೆಸರು ಬದಲಿಸಿ ಹಳೆಯ ವರದಿಯನ್ನೇ ನಕಲು ಮಾಡಿದರೆ ಸಮಿತಿ ಎಷ್ಟೇ ಜಾಣರದ್ದಾಗಿದ್ದರೂ ಕುರುಡು ಆದೇಶವೇ ಹೊರಬರುವುದು.

ವರದಿಯ ಬೆನ್ನಿಗೆ ನಮೂನೆ 7, ವೈಯಕ್ತಿಕ ಪಾಲನಾ ಯೋಜನೆ. ಮಗುವಿನ ಆರೋಗ್ಯ, ಆಹಾರ, ಮನಸ್ಸಿನ ಸ್ಥಿತಿ, ಓದು, ಆಟ, ನಂಟು, ಹಿಂದೆ ಅನುಭವಿಸಿದ ದೌರ್ಜನ್ಯ, ಹೀಗೆ ಒಂದೊಂದಕ್ಕೂ ಏನು ಬೇಕು, ಯಾರು ಮಾಡಬೇಕು ಎಂದು ಬರೆಯುವುದು ಇಲ್ಲಿ. ಮಗುವಿನ ಇಷ್ಟವನ್ನೂ ಕೇಳಿ ಬರೆಯಬೇಕು. "ಅಕ್ಕನನ್ನು ಬಿಟ್ಟು ಹೋಗಲ್ಲ" ಎಂದು ತಮ್ಮ ಹೇಳಿದ್ದರೆ ಆ ಮಾತಿಗೆ ತೂಕವಿದೆ. ಒಡಹುಟ್ಟಿದವರನ್ನು ಒಂದೇ ಮನೆಯಲ್ಲಿ ಇರಿಸಲು ಎಲ್ಲ ಪ್ರಯತ್ನ ಮಾಡಬೇಕು ಎಂದು 44ನೆಯ ಕಲಮೇ ಹೇಳುತ್ತದೆ.

ಸಮಿತಿಯ ಮುಂದಿರುವ ಮೆಟ್ಟಿಲುಗಳು

ಮೊದಲ ಆಯ್ಕೆ ಯಾವಾಗಲೂ ಸ್ವಂತ ಮನೆ. ತಾಯಿ ವಿಧವೆಯಾಗಿದ್ದರೆ, ಗಂಡ ಬಿಟ್ಟಿದ್ದರೆ, ಹೆತ್ತವರಿಗೆ ಪ್ರಾಣಕ್ಕೆ ಕುತ್ತು ತರುವ ಕಾಯಿಲೆಯಿದ್ದರೆ, ಅಪಘಾತದಿಂದ ದುಡಿಯಲಾಗದೆ ಕೂತಿದ್ದರೆ ಮಗುವನ್ನು ಅಲ್ಲೇ ಉಳಿಸಿ ಪ್ರಾಯೋಜಕತ್ವ ಕೊಡಬಹುದು. ಆನೆ ದಾಳಿಗೆ ಗಂಡನನ್ನು ಕಳೆದುಕೊಂಡ ಆಲೂರಿನ ಕೂಲಿ ಹೆಂಗಸಿನ ಮಕ್ಕಳೂ ವಿಧವೆಯ ಮಕ್ಕಳು ಎಂಬ ಈ ಅರ್ಹತೆಯಲ್ಲೇ ಬರುತ್ತಾರೆ, ಆದಾಯದ ಮಿತಿ ಮೀರಿರಬಾರದು ಅಷ್ಟೇ. ಬಡತನವೊಂದೇ ಕಾರಣವಾಗಿ ಮಗುವನ್ನು ತಾಯಿಯಿಂದ ಬೇರೆ ಮಾಡುವಂತಿಲ್ಲ. ಬಾಲಮಂದಿರದಲ್ಲಿರುವ ಮಗುವನ್ನು ಮನೆಗೆ ವಾಪಸು ಕಳಿಸುವಾಗಲೂ ಇದೇ ನೆರವು ಕೊಡಬಹುದು.

ಎರಡನೆಯದು ನೆಂಟರ ಮನೆ. ಅಜ್ಜಿ, ದೊಡ್ಡಮ್ಮ, ಸೋದರಮಾವ. ಹೆಚ್ಚಿನವರು ಎಡವುವುದು ಇಲ್ಲೇ. ಅನಾಥ ಮಗು ನೆಂಟರ ಮನೆಯಲ್ಲಿದ್ದರೆ ಅರ್ಜಿ ಹಾಕಬೇಕಾದದ್ದು ಪ್ರಾಯೋಜಕತ್ವಕ್ಕೆ, ಪೋಷಕತ್ವಕ್ಕಲ್ಲ. ತಂಗಿ ಮಗಳನ್ನು ಸಾಕುತ್ತಿರುವ ದೊಡ್ಡಮ್ಮ ಪೋಷಕತ್ವದ ಅರ್ಜಿ ತುಂಬಿದರೆ ಕಡತ ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ಮೂರನೆಯದು ಪೋಷಕತ್ವ. ಹೆತ್ತವರು ಇದ್ದೂ ಸಾಕುವ ಸ್ಥಿತಿಯಲ್ಲಿಲ್ಲ, ಅಥವಾ ಯಾರೂ ಇಲ್ಲ, ಆದರೂ ಮಗು ಒಂದು ಮನೆಯಲ್ಲೇ ಬೆಳೆಯಬೇಕು ಎನ್ನುವಾಗ. 2024ರ ಮಾರ್ಗಸೂಚಿಯಂತೆ ಮಗುವಿಗೆ ಆರು ವರ್ಷ ತುಂಬಿರಬೇಕು. ಒಂದು ವರ್ಷದೊಳಗಿನದು ಅಲ್ಪಾವಧಿ, ಅದಕ್ಕೆ ಮೀರಿದ್ದು ದೀರ್ಘಾವಧಿ. ಮರುಪರಿಶೀಲನೆ ಮಾಡುತ್ತ 18 ತುಂಬುವವರೆಗೂ ಮುಂದುವರಿಸಬಹುದು. ಆದರೆ ದತ್ತುವಿಗೆ ಹೋಗಬಲ್ಲ ಮಗು ಎಂದು ಸಮಿತಿಗೆ ಕಂಡರೆ ದೀರ್ಘಾವಧಿ ಪೋಷಕತ್ವಕ್ಕೆ ಕೊಡುವಂತಿಲ್ಲ. ಶಾಶ್ವತ ಮನೆ ಸಿಗುವ ಮಗುವನ್ನು ತಾತ್ಕಾಲಿಕ ಮನೆಯಲ್ಲಿ ತಡೆದಿಡಬಾರದು ಎಂಬುದು ಇದರ ಹಿಂದಿನ ಲೆಕ್ಕ.

ತೋಟದ ಬೇಲಿ ಪಕ್ಕ ಹಸುಗೂಸು ಸಿಕ್ಕಾಗ "ನಾವೇ ಸಾಕ್ತೀವಿ" ಎಂದು ಮುಂದೆ ಬಂದವರಿಗೆ ಯಾಕೆ ಕೊಡುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಆರು ವರ್ಷದೊಳಗಿನ ತೊರೆದ ಕೂಸು ಹೋಗುವುದು ವಿಶೇಷ ದತ್ತು ಸಂಸ್ಥೆಗೆ. ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಸಿ ದತ್ತುವಿಗೆ ಮುಕ್ತ ಎಂದು ಸಮಿತಿ ಘೋಷಿಸಬೇಕು. ಆಮೇಲೆ ಸರದಿಯಲ್ಲಿ ಕಾಯುತ್ತಿರುವವರಿಗೆ ಹೋಗುತ್ತದೆ. ಆಸ್ಪತ್ರೆಯ ಆಯಾ ಮೂಲಕವೋ ಊರ ಹಿರಿಯರ ಮುಂದೆ ಸ್ಟಾಂಪ್ ಪೇಪರಿನಲ್ಲಿ ಬರೆದೋ ಪಡೆದ ಮಗುವಿಗೆ ಕಾನೂನಿನ ಆಸರೆ ಇಲ್ಲ. ವಿಧಾನ ಮೀರಿ ಅಂಥ ಮಗುವನ್ನು ದತ್ತುವಿಗೆ ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಕೊನೆಯ ಮೆಟ್ಟಿಲು ಸಂಸ್ಥೆ. ಸರಕಾರಿ ಬಾಲಮಂದಿರ, ನೋಂದಾಯಿತ ಖಾಸಗಿ ಮಕ್ಕಳ ಮನೆ, ಅಂಗವಿಕಲ ಮಕ್ಕಳ ವಿಶೇಷ ಸಂಸ್ಥೆ. ನಮ್ಮ ಜನ ಇದನ್ನು "ಹಾಸ್ಟೆಲ್‌ಗೆ ಸೇರಿಸಿದ ಹಾಗೆ" ಎಂದುಕೊಂಡು ತಾವಾಗಿ ಮೊದಲೇ ಕೇಳುತ್ತಾರೆ. ಕಾನೂನಿನಲ್ಲಿ ಅದು ಬೇರೆ ದಾರಿ ಇಲ್ಲದಾಗಿನ ಆಯ್ಕೆ.

ಸಾಕುವ ಮನೆಯನ್ನು ತೂಗುವುದು

ಅರ್ಜಿ ಈಗ ಆನ್‌ಲೈನ್ ಪೋರ್ಟಲ್ ಮೂಲಕ. ಒಂಟಿಯಾಗಿ ಅರ್ಜಿ ಹಾಕುವವರಿಗೆ ವಯಸ್ಸು ಕನಿಷ್ಠ 35. ದಂಪತಿಯಾದರೆ ಇಬ್ಬರ ವಯಸ್ಸು ಕೂಡಿ ಕನಿಷ್ಠ 70 ಆಗಬೇಕು. ಮದುವೆಯಾಗಿ ಎರಡು ವರ್ಷವಾದರೂ ಕಳೆದಿರಬೇಕು. ಒಂಟಿ ಹೆಂಗಸು ಗಂಡು ಮಗುವನ್ನಾದರೂ ಹೆಣ್ಣು ಮಗುವನ್ನಾದರೂ ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. ಗುರುತಿನ ಚೀಟಿ, ವಿಳಾಸ, ಆದಾಯದ ದಾಖಲೆ, ವೈದ್ಯಕೀಯ ಪ್ರಮಾಣಪತ್ರ, ಮದುವೆಯ ಅಥವಾ ವಿಚ್ಛೇದನದ ದಾಖಲೆ ಸಿದ್ಧವಿರಲಿ. ಮನೆಯಲ್ಲಿ ಯಾರ ಮೇಲೂ ಅಪರಾಧ ಸಾಬೀತಾಗಿರಬಾರದು.

ನಂತರ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬರುತ್ತಾರೆ. ಇದು ನಮೂನೆ 30ರ ಗೃಹ ಅಧ್ಯಯನ. ಟೈಲ್ಸ್ ಹಾಕಿದ ಮನೆಯೋ ಹೆಂಚಿನ ಮನೆಯೋ ಎಂದು ನೋಡಲು ಬಂದವರಲ್ಲ ಅವರು. ಮಗು ಮಲಗುವುದೆಲ್ಲಿ, ಶೌಚಾಲಯ ಎಲ್ಲಿದೆ, ಶಾಲೆ ಎಷ್ಟು ದೂರ, ಮನೆಯಲ್ಲಿ ಇನ್ನು ಯಾರಿದ್ದಾರೆ, ಅತ್ತೆ ಮಾವಂದಿರು ಒಪ್ಪಿದ್ದಾರೆಯೇ, ಸ್ವಂತ ಮಕ್ಕಳು ಏನಂತಾರೆ ಎಂದು ಕೇಳುತ್ತಾರೆ. ಮಗು ಯಾಕೆ ಬೇಕು ಎಂಬ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಬಹಳಷ್ಟು ನಿಂತಿದೆ. "ಮನೇಲಿ ಕೈಗೊಂದು ಕಾಲಿಗೊಂದು ಆಗುತ್ತೆ" ಎಂದವರ ಅರ್ಜಿ ಅಲ್ಲಿಗೇ ನಿಲ್ಲಬೇಕು. "ಮುಂದೆ ದತ್ತು ಆಗುತ್ತಲ್ಲ" ಎಂದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕು. ಎರಡು ವರ್ಷ ಪೋಷಕತ್ವದಲ್ಲಿ ಸಾಕಿದ ಮೇಲೆ ಅದೇ ಮಗುವನ್ನು ದತ್ತು ಕೇಳುವ ಅವಕಾಶ ಈಗ ಇದೆ, ಮೊದಲು ಐದು ವರ್ಷ ಬೇಕಿತ್ತು. ಆದರೆ ಮಗು ಕಾನೂನಿನಂತೆ ದತ್ತುವಿಗೆ ಮುಕ್ತವಾಗಿದ್ದರೆ ಮಾತ್ರ. ಹೆತ್ತ ತಾಯಿ ಚೇತರಿಸಿಕೊಂಡು ಬಂದು ಕೇಳಿದರೆ, ಆಕೆ ಸಮರ್ಥಳು ಎಂದು ಸಮಿತಿಗೆ ಅನಿಸಿದರೆ, ಮಗು ವಾಪಸು ಹೋಗುತ್ತದೆ. ಅಲ್ಲಿಯವರೆಗೆ ಆಕೆ ನಿಗದಿತವಾಗಿ ಬಂದು ನೋಡಿ ಹೋಗುವುದನ್ನೂ ಪೋಷಕರು ಒಪ್ಪಬೇಕು, ಸಮಿತಿ ಬೇಡ ಎಂದಿದ್ದರೆ ಬೇರೆ ಮಾತು.

ಮಗುವಿನ ಅಧ್ಯಯನ ಒಂದು ಕಡೆ, ಮನೆಯ ಅಧ್ಯಯನ ಇನ್ನೊಂದು ಕಡೆ ಇಟ್ಟು ಹೊಂದಿಸುವುದು ಮುಂದಿನ ಕೆಲಸ. ಮನೆಮಾತು, ಊಟದ ರೂಢಿ, ಶಾಲೆ, ಹುಟ್ಟೂರಿನ ದೂರ ನೋಡುತ್ತಾರೆ. ಕಾಫಿ ಸಸಿಯನ್ನು ನರ್ಸರಿ ಚಪ್ಪರದಿಂದ ಕಿತ್ತು ಒಂದೇ ದಿನಕ್ಕೆ ಬಿಸಿಲಿಗೆ ಇಡುವುದಿಲ್ಲ. ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ತೆಳುಮಾಡಿ ಹದ ಬರಿಸುತ್ತಾರೆ. ಮಗುವಿಗೂ ಮೊದಲು ಭೇಟಿ, ಆಮೇಲೆ ಸಮಾಲೋಚನೆ, ಆಮೇಲೆ ಮನೆ. ಎಲ್ಲ ಸರಿಯಾದರೆ ಸಮಿತಿ ನಮೂನೆ 32ರಲ್ಲಿ ಆದೇಶ ಹೊರಡಿಸುತ್ತದೆ. ಯಾರಿಗೆ, ಎಷ್ಟು ಅವಧಿಗೆ, ಯಾವ ಷರತ್ತಿಗೆ ಎಂಬುದು ಅದರಲ್ಲಿರುತ್ತದೆ. ಪೋಷಕರು ಮುಚ್ಚಳಿಕೆ ಬರೆದುಕೊಡಬೇಕು.

ಹಣದ ಬಾಗಿಲು

ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಅಡಿ ಪೋಷಕತ್ವಕ್ಕೂ ಪ್ರಾಯೋಜಕತ್ವಕ್ಕೂ ಒಂದೇ ದರ: ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ನಮ್ಮ ರಾಜ್ಯದಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಪ್ರಾಯೋಜಕತ್ವಕ್ಕೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಹಳ್ಳಿಯ ಮಿತಿ ಅಂದರೆ ತಿಂಗಳಿಗೆ ಆರೇ ಸಾವಿರ. ಗಂಡ ಹೆಂಡತಿ ಇಬ್ಬರೂ ತೋಟದಲ್ಲಿ ಖಾಯಂ ಕೂಲಿಗಳಾಗಿದ್ದರೆ ಈ ಗೆರೆ ದಾಟುವುದು ಸುಲಭ. ಒಬ್ಬ ವಿಧವೆಯ ದಿನಗೂಲಿಯೂ ಲೆಕ್ಕ ಹಾಕಿದರೆ ಅಂಚಿಗೆ ಬರುತ್ತದೆ. ಆದ್ದರಿಂದ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ ಮೊತ್ತ ನೋಡಿಕೊಳ್ಳುವುದು ಒಳ್ಳೆಯದು.

ಕಡತ ನಡೆಯುವ ಕ್ರಮ ಹೀಗೆ: ಮಕ್ಕಳ ರಕ್ಷಣಾ ಘಟಕ ದಾಖಲೆ ಕೂಡಿಸಿ ಅನುಮೋದನಾ ಸಮಿತಿಯ ಮುಂದೆ ಇಡುತ್ತದೆ, ಸಮಿತಿ ಸಭೆ ಸೇರಿ ಮಂಜೂರು ಮಾಡುತ್ತದೆ, ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ತಡವಾಗುವುದಕ್ಕೆ ಮುಖ್ಯವಾಗಿ ಸಣ್ಣ ಸಣ್ಣ ಕಾರಣಗಳು. ಆಧಾರ್‌ನಲ್ಲಿ "ಮಂಜುಳ", ಶಾಲೆಯ ದಾಖಲೆಯಲ್ಲಿ "ಮಂಜುಳಾ ಕೆ." ಎಂದಿರುತ್ತದೆ. ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ತಂದೆಯ ಮರಣ ಪ್ರಮಾಣಪತ್ರವೇ ಇರುವುದಿಲ್ಲ, ಯಾಕೆಂದರೆ ಸಾವನ್ನು ಆಗ ಯಾರೂ ನೋಂದಾಯಿಸಿಲ್ಲ. ಈ ಮೂರನ್ನು ಸರಿಮಾಡಿಕೊಂಡು ಹೋದರೆ ಅರ್ಧ ದಾರಿ ಸವೆದ ಹಾಗೆ.

ಹಾಗಾದರೆ ಲೆವೆಲ್ ಎಲ್ಲಿ?

ಅಮೆರಿಕದ ಕೆಲವು ರಾಜ್ಯಗಳಲ್ಲಿ ಪೋಷಕತ್ವದಲ್ಲಿರುವ ಮಗುವಿಗೆ ಪಾಲನೆಯ ಹಂತ ಗೊತ್ತುಮಾಡುತ್ತಾರೆ. ಟೆಕ್ಸಾಸ್‌ನಲ್ಲಿ ಬಹುಕಾಲ ಬೇಸಿಕ್, ಮಾಡರೇಟ್, ಸ್ಪೆಷಲೈಸ್ಡ್, ಇಂಟೆನ್ಸ್ ಎಂಬ ಹಂತಗಳು ನಡೆದುಬಂದವು. ಸಾಮಾನ್ಯ ಆರೈಕೆ ಸಾಕಾಗುವ ಮಗು ಬೇಸಿಕ್. ತನಗೇ ಅಪಾಯ ಮಾಡಿಕೊಳ್ಳುವ, ಕಣ್ಣು ಮಿಟುಕಿಸದೆ ಕಾಯಬೇಕಾದ ಮಗು ಇಂಟೆನ್ಸ್. ಮೇಲಿನ ಹಂತಗಳನ್ನು ಒಪ್ಪಿಗೆ ಮಾಡುವುದು ಮಗುವನ್ನು ಸಾಕುವ ಸಂಸ್ಥೆಯಲ್ಲ. ಮನಶ್ಶಾಸ್ತ್ರಜ್ಞರ ವರದಿ, ಶಾಲೆಯ ದಾಖಲೆ, ಔಷಧದ ಪಟ್ಟಿ ಓದುವ ಹೊರಗಿನ ಗುತ್ತಿಗೆ ತಜ್ಞರು. ಸಾಕುವವರೇ ಹಂತ ಬರೆದುಕೊಂಡರೆ ಎಲ್ಲ ಮಕ್ಕಳೂ ಮೇಲಿನ ಹಂತಕ್ಕೇ ಹೋಗುತ್ತಾರೆ ಎಂಬ ಎಚ್ಚರ ಅದು. ಹಂತ ಏರಿದಷ್ಟೂ ದಿನದ ದರ ಹೆಚ್ಚು, ತರಬೇತಿಯೂ ನಿಗಾವೂ ಹೆಚ್ಚು. ಕಾಲಕಾಲಕ್ಕೆ ಮರುಪರಿಶೀಲನೆ.

ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಜರಡಿ ಹಿಡಿದು ಎ, ಬಿ, ಪೀಬರಿ ಎಂದು ಬೇರೆ ಮಾಡಿ ಒಂದೊಂದಕ್ಕೂ ಒಂದೊಂದು ದರ ಕಟ್ಟುವುದನ್ನು ನೋಡಿದವರಿಗೆ ಇದರ ಲೆಕ್ಕ ತಿಳಿಯುತ್ತದೆ, ತೊಡಕೂ ತಿಳಿಯುತ್ತದೆ. ಚೆನ್ನಾಗಿ ಸಾಕಿ ಮಗು ಚೇತರಿಸಿಕೊಂಡರೆ ಹಂತ ಇಳಿಯುತ್ತದೆ, ಅದರೊಂದಿಗೆ ಹಣವೂ ಇಳಿಯುತ್ತದೆ.

ನಮ್ಮಲ್ಲಿ ಆ ಜರಡಿ ಇಲ್ಲ. ಆರೋಗ್ಯವಂತ ಹತ್ತು ವರ್ಷದ ಹುಡುಗನಿಗೂ ಮೂರ್ಛೆರೋಗಕ್ಕೆ ದಿನಾ ಮಾತ್ರೆ ನುಂಗುವ ಹುಡುಗಿಗೂ ಅದೇ 4,000. ಲೆಕ್ಕ ಸರಳ, ಮೋಸಕ್ಕೆ ಎಡೆ ಕಡಿಮೆ. ಆದರೆ ಕಷ್ಟದ ಮಗುವನ್ನು ಕೇಳಿಕೊಂಡು ಬರುವ ಮನೆಗಳೂ ಕಡಿಮೆ. ಹೆಚ್ಚಿನ ಅಗತ್ಯವನ್ನು ಬೇರೆ ಯೋಜನೆಗಳಿಂದ ಕೂಡಿಸಿ ತರಬೇಕು, ಅದನ್ನು ಪಾಲನಾ ಯೋಜನೆಯಲ್ಲಿ ಹೆಸರು ಹಿಡಿದು ಬರೆಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ ಮತ್ತು ಚಿಕಿತ್ಸೆಯ ದಾರಿ ಇದೆ. ಅಂಗವಿಕಲತೆ ಇದ್ದರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮತ್ತು ಅದರ ಮೇಲೆ ಮಾಸಾಶನ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವಿಕಲತೆ ಇರುವವರಿಗೆ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ. ಆದೇಶದಲ್ಲಿ "ಅಗತ್ಯ ಚಿಕಿತ್ಸೆ ಕೊಡಿಸತಕ್ಕದ್ದು" ಎಂದಷ್ಟೇ ಇದ್ದರೆ ಯಾರೂ ಕೊಡಿಸುವುದಿಲ್ಲ. "ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ತಪಾಸಣೆ, ಕರೆದೊಯ್ಯುವ ಹೊಣೆ ಇಂಥವರದು" ಎಂದು ಬರೆದಿದ್ದರೆ ಮುಂದಿನ ತಿಂಗಳ ತಪಾಸಣೆಯಲ್ಲಿ ಕೇಳಲು ಬರುತ್ತದೆ.

ಎಲ್ಲಿ ಕೆಡುತ್ತದೆ

ಪೋಷಕ ಮನೆಯನ್ನು ಪ್ರತಿ ತಿಂಗಳು ತಪಾಸಣೆ ಮಾಡಬೇಕು ಎಂದು ಕಾಯ್ದೆಯಲ್ಲಿದೆ. ಮಗುವಿನ ಕ್ಷೇಮದಲ್ಲಿ ಕೊರತೆ ಕಂಡರೆ ತೆಗೆದು ಬೇರೆ ಮನೆಗೆ ಸೇರಿಸಬೇಕು. ಅನುಭವಸ್ಥ ಕಾರ್ಯಕರ್ತೆ ಮನೆಗೆ ಹೋದೊಡನೆ ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುವುದಿಲ್ಲ. ಮಗುವಿನ ಹಾಸಿಗೆ ತೋರಿಸಿ ಎನ್ನುತ್ತಾಳೆ, ಶಾಲೆಯ ಹಾಜರಿ ಕೇಳುತ್ತಾಳೆ, ಅಂಗೈ ನೋಡುತ್ತಾಳೆ. ಡಿಸೆಂಬರಿನಿಂದ ಕಾಫಿ ಕುಯ್ಲು ಶುರುವಾದಾಗ ಹಾಜರಿ ಇಳಿದಿದ್ದರೆ ಅದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮಗುವನ್ನು ಒಂಟಿಯಾಗಿ, ಮನೆಯವರ ಕಿವಿಗೆ ಬೀಳದ ಕಡೆ ಮಾತಾಡಿಸುವುದು ಮುಖ್ಯ.

ಇನ್ನೊಂದು ತೊಡಕು, ಪೋಷಕರು ಮನೆ ಬದಲಿಸುವುದು. ವರ್ಗವಾಗಿ ಹಾಸನದಿಂದ ಮೈಸೂರಿಗೆ ಹೋಗುವ ನೌಕರರು ಮಗುವನ್ನೂ ಕರೆದುಕೊಂಡು ಹೋಗಿಬಿಡುತ್ತಾರೆ. ಆದೇಶ ಕೊಟ್ಟದ್ದು ಹಾಸನದ ಸಮಿತಿ. ಹೊರಡುವ ಮೊದಲು ಘಟಕಕ್ಕೆ ಬರೆದು ತಿಳಿಸಿ ಸಮಿತಿಯ ಒಪ್ಪಿಗೆ ಪಡೆಯದಿದ್ದರೆ ತಪಾಸಣೆ ತಪ್ಪುತ್ತದೆ, ಹಣ ನಿಲ್ಲುತ್ತದೆ. ಹಾಗೆಯೇ, ಹೊಂದಾಣಿಕೆ ಆಗದಿದ್ದರೆ ಮುಚ್ಚಿಡದೆ ಬೇಗ ಹೇಳಬೇಕು. ಮೊದಲ ಕೆಲವು ವಾರ ಮಗು ಅನ್ನ ಬಚ್ಚಿಡುವುದು, ಹಾಸಿಗೆ ಒದ್ದೆ ಮಾಡುವುದು, ಸುಳ್ಳು ಹೇಳುವುದು ಸಾಮಾನ್ಯ. ಅದಕ್ಕೆ ಸಮಾಲೋಚಕರಿದ್ದಾರೆ. "ಬೇಡಪ್ಪ ಈ ತಲೆನೋವು" ಎಂದು ಮಗುವನ್ನು ಕಚೇರಿಯ ಬಾಗಿಲಿಗೆ ತಂದು ಬಿಟ್ಟು ಹೋಗುವ ಹಂತಕ್ಕೆ ಬಂದಿದ್ದರೆ ಆ ಫೋನು ಎರಡು ತಿಂಗಳ ಹಿಂದೆ ಬರಬೇಕಿತ್ತು.

ಆದೇಶ ಒಪ್ಪಿಗೆಯಾಗದಿದ್ದರೆ

ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹೆಚ್ಚಿನ ಆದೇಶಗಳಿಗೆ ಅದು ಮಕ್ಕಳ ನ್ಯಾಯಾಲಯದಲ್ಲಿ. ಪೋಷಕತ್ವ, ಪ್ರಾಯೋಜಕತ್ವದ ಆದೇಶಗಳಿಗೆ ಮಾತ್ರ ಜಿಲ್ಲಾಧಿಕಾರಿಯ ಮುಂದೆ. ಹಣ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರೇ ಮೇಲ್ಮನವಿಯನ್ನೂ ಕೇಳುತ್ತಾರೆ ಎಂಬುದು ವಿಚಿತ್ರವೆನಿಸಿದರೂ ಕಾಯ್ದೆ ಇರುವುದು ಹಾಗೆ. ಮಂಜೂರಾತಿಯ ಕಡತದಲ್ಲಿ ನೋಡುವುದು ಹಣವನ್ನು, ಮೇಲ್ಮನವಿಯಲ್ಲಿ ನೋಡುವುದು ಮಗುವನ್ನು ಇರಿಸಿದ ಜಾಗವನ್ನು.

ಅದಕ್ಕೆ ಬೇಕಾಗುವುದು ಆದೇಶದ ಪ್ರತಿ. ಬಾಯಿಮಾತಿನಲ್ಲಿ "ಆಗಲ್ಲ" ಅಂದರು ಎಂದು ಮನೆಗೆ ಬಂದರೆ ಮೇಲ್ಮನವಿಗೆ ಹಿಡಿಯಲು ಏನೂ ಇರುವುದಿಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿ, ತಿರಸ್ಕಾರವಾದರೆ ಕಾರಣ ಬರೆದ ಹಾಳೆ, ಎರಡನ್ನೂ ಕೇಳಿ ಪಡೆಯಿರಿ. 30 ದಿನ ಎಣಿಸುವುದು ಆದೇಶದ ಮೇಲಿರುವ ದಿನಾಂಕದಿಂದ, ಅದು ನಿಮ್ಮ ಕೈಗೆ ಬಂದ ದಿನದಿಂದಲ್ಲ.